ಲಕ್ಷಕ್ಕೆ 12 ಅಂದರೆ ಯಾರ ಲೆಕ್ಕ?

ಮುಧೋಳ

ಚಿರಂಜೀವಿ ಸಂತೋಷನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಮೊನ್ನೆ ಶನಿವಾರ ನೀನು ಬೆಳಗಾವಿಯಿಂದ ಬೈಕ್ ಮೇಲೆ ಬಂದು ಬಾಗಿಲು ಬಡಿದಾಗ ರಾತ್ರಿ ಹತ್ತೂವರೆ. ನಮ್ಮಕ್ಕ ಇನ್ನೂ ಊಟ ಮಾಡಿರಲಿಲ್ಲ. ನಿನ್ನ ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿತ್ತು. ಕೇಳಿದ್ದಕ್ಕೆ ಮೊಬೈಲ್ ತೆಗೆದು ತೋರಿಸಿದೆ: "ಮಾವಾ, ರಸ್ತೆ ಅಪಘಾತದ ಸಾವನ್ನು ಲಕ್ಷ ಜನರಿಗೆ ಲೆಕ್ಕ ಹಾಕಿದರೆ ಅಮೆರಿಕಾನೂ ನಾವೂ ಒಂದೇ. ಸುಮ್ನೆ ಹೆದರ್ತೀರಿ." ಆಗ ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಎರಡು ದಿನ ಕೂತು ನೋಡಿ ಈಗ ಬರೆಯುತ್ತಿದ್ದೇನೆ.

ನೀನು ಹೇಳಿದ್ದು ಸುಳ್ಳಲ್ಲ. 2022ರಲ್ಲಿ ನಮ್ಮ ರಸ್ತೆಗಳ ಮೇಲೆ 1,68,491 ಜನ ಸತ್ತರು. ಅಮೆರಿಕದಲ್ಲಿ ಸುಮಾರು 42,500. ಲಕ್ಷಕ್ಕೆ ನಮ್ಮದು 12, ಅವರದು 13ರ ಹತ್ತಿರ. ಆದರೆ ಛೇದ ನೋಡು ತಮ್ಮಾ. ಅಲ್ಲಿ ಹಾಲು ತರೋದಕ್ಕೂ ಕಾರು ಬೇಕು. ನಮ್ಮ ಲಕ್ಷದಲ್ಲಿ ವಾರಗಟ್ಟಲೆ ಓಣಿ ದಾಟದ ಅಜ್ಜಿಯೂ ಇದ್ದಾಳೆ, ತೊಟ್ಟಿಲ ಕೂಸೂ ಇದೆ. ಅವರನ್ನೆಲ್ಲ ಸೇರಿಸಿದ ಮೇಲೂ 12 ಆಗಿದೆ. ಓಡಿಸಿದ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ನಾವು ಅವರು ಒಂದೇ ಅಲ್ಲವೇ ಅಲ್ಲ.

ಹೋಲಿಸಲೇಬೇಕು ಅಂದರೆ ಜಪಾನ್ ನೋಡು. 1970ರಲ್ಲಿ ಅಲ್ಲಿ 16,765 ಜನ ಸತ್ತಿದ್ದರು, 2022ರಲ್ಲಿ 2,610. ಅದು ಅಪಘಾತವಾದ 24 ಗಂಟೆಯೊಳಗೆ ಜೀವ ಬಿಟ್ಟವರ ಲೆಕ್ಕ. ನಮ್ಮಂತೆ 30 ದಿನದೊಳಗೆ ಸತ್ತವರನ್ನೆಲ್ಲ ಹಿಡಿದರೂ 2022ರಲ್ಲಿ 3,216. ಈ ದಿನಗಳ ಲೆಕ್ಕ ಓದುವಾಗ ನಮ್ಮ ಓಣಿಯ ಆ ಹುಡುಗ ನೆನಪಾದ. ಬಿದ್ದ ಹನ್ನೊಂದನೇ ದಿನ ಹೋದ. 24 ಗಂಟೆಯ ಪಟ್ಟಿಯಲ್ಲಿ ಅವನು ಇರುತ್ತಲೇ ಇರಲಿಲ್ಲ.

ಇನ್ನು ನಿನ್ನ ಲೆಕ್ಕ. ಆ 1,68,491ರಲ್ಲಿ ನೂರಕ್ಕೆ 44 ಜನ ಬೈಕ್, ಸ್ಕೂಟರ್ ಮೇಲಿದ್ದವರು. ಸತ್ತವರಲ್ಲಿ ಸುಮಾರು 50,000 ಜನ ಹೆಲ್ಮೆಟ್ ಹಾಕಿರಲಿಲ್ಲ. ದೇಶದ ಸರಾಸರಿ ನಿನ್ನದಲ್ಲ. ನಿನ್ನದು ಬೈಕು, ಕತ್ತಲೆ, ಬರಿದಲೆ, ಅದರಲ್ಲೂ ಕಬ್ಬಿನ ಹಂಗಾಮು.

ಹೋದ ವರ್ಷ ಇದೇ ಹಂಗಾಮಿನಲ್ಲಿ ನಾನು ಬಾಡಿಗೆ ಕಾರಿನಲ್ಲಿ ಬರುತ್ತಿದ್ದೆ. ಲೋಕಾಪುರ ದಾಟಿತ್ತು. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆಯಿತು. ಅದು ಹಾದು ಹೋದದ್ದೇ ತಡ, ಮುಂದೆ ಒಮ್ಮೆಲೇ ಒಂದು ಕಪ್ಪು ಗೋಡೆ! ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್. ಹಿಂದೆ ಕೆಂಪು ದೀಪ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಡ್ರೈವರ್ ಬ್ರೇಕ್ ತುಳಿದ. ಕಬ್ಬಿನ ಗರಿಗಳು ಮುಂದಿನ ಗಾಜನ್ನು ಸವರಿ ನಿಂತವು. ಆ ಸಪ್ಪಳ ಈಗಲೂ ಕಿವಿಯಲ್ಲಿದೆ. ನಮ್ಮ ಮುಂದೆ ಗಾಜಾದರೂ ಇತ್ತು. ಬೈಕಿನವನ ಮುಂದೆ ಏನಿರುತ್ತದೆ ಹೇಳು?

ಟ್ರ್ಯಾಕ್ಟರಿನವರು ದೀಪ ಹಾಕಬೇಕು, ಅದು ಅವರ ತಪ್ಪೇ. ಪೊಲೀಸರೂ ನೋಡಬೇಕು. ಆದರೆ ಅವರು ಸರಿಹೋಗುವ ತನಕ ನಾನು ನಿನ್ನನ್ನು ಪಣಕ್ಕಿಡಲಾರೆ. ಶನಿವಾರ ಕೆಲಸ ಮುಗಿದರೆ ಬಸ್ ಹತ್ತು. ಇಲ್ಲಾ, ರೂಮಿನಲ್ಲೇ ಮಲಗಿ ಭಾನುವಾರ ಬೆಳಕು ಹರಿದ ಮೇಲೆ ಹೊರಡು. ಹೆಲ್ಮೆಟ್ ತಲೆ ಮೇಲೆ ಇಟ್ಟರೆ ಸಾಲದು, ಗದ್ದದ ಕೆಳಗೆ ಪಟ್ಟಿ ಟಕ್ ಅನ್ನಬೇಕು. ಯರಗಟ್ಟಿಯಲ್ಲಿ ಚಹಾಕ್ಕೆ ನಿಂತಾಗ ನನಗೊಂದು ಫೋನ್ ಮಾಡು.

ನಿಮ್ಮವ್ವನಿಗೆ ಹೇಳಿದ್ದೇನೆ. ಭಾನುವಾರ ನೀನು ಬಂದ ಮೇಲೇ ರೊಟ್ಟಿ ಬಡಿಯುತ್ತಾಳಂತೆ.

ನಿನ್ನ ಮಾವ