ಆನ್‌ಲೈನ್ ಡಿಪ್ಲೊಮಾ: ಶುಲ್ಕ ಕಟ್ಟುವ ಮುನ್ನ

ಮನೆಯಲ್ಲೇ ಓದಿಸುತ್ತಿರುವ ಎಲ್ಲ ಪೋಷಕರ ಗಮನಕ್ಕೆ.

'ಅಂತರರಾಷ್ಟ್ರೀಯ ಡಿಪ್ಲೊಮಾ' ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು. ವಿಶ್ವವಿದ್ಯಾಲಯಕ್ಕೆ ಬೇಕಾಗುವುದು ಪರೀಕ್ಷಾ ಮಂಡಳಿ ಕೊಟ್ಟ ಅಂಕಪಟ್ಟಿ. ಶಾಲೆಯ ಮಾನ್ಯತೆಯನ್ನು ಆ ಮಂಡಳಿಯ ಜಾಲತಾಣದಲ್ಲೇ ಹುಡುಕಿ, ಶಾಲೆಯ ಕರಪತ್ರದಲ್ಲಲ್ಲ.

ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್) ಡಿಪ್ಲೊಮಾವನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಲಾಗದು, ಮಾನ್ಯತೆ ಪಡೆದ ಶಾಲೆಗೆ ಸೇರಲೇಬೇಕು. ಆರು ವಿಷಯಗಳಿಗೆ ತಲಾ 7 ಅಂಕ; ವಿಸ್ತೃತ ಪ್ರಬಂಧ ಮತ್ತು ಜ್ಞಾನಮೀಮಾಂಸೆಗೆ (ಥಿಯರಿ ಆಫ್ ನಾಲೆಡ್ಜ್) ಸೇರಿ 3; ಒಟ್ಟು 45. ತೇರ್ಗಡೆಗೆ ಕನಿಷ್ಠ 24, ಆದರೆ ಅಷ್ಟೇ ಸಾಲದು: ಹೆಚ್ಚು ಆಳವಾಗಿ ಓದುವ ಮೂರು ಉನ್ನತ ಹಂತದ (ಹೈಯರ್ ಲೆವೆಲ್) ವಿಷಯಗಳಲ್ಲಿ ಒಟ್ಟು 12 ಇರಬೇಕು. ಹಲವರು ಎಡವುವುದು ಸೃಜನಶೀಲತೆ, ಚಟುವಟಿಕೆ, ಸೇವೆಗಳನ್ನೊಳಗೊಂಡ ಸಿಎಎಸ್‌ನಲ್ಲಿ. ಅದಕ್ಕೆ ಅಂಕವಿಲ್ಲ, ಆದರೆ 18 ತಿಂಗಳ ದಾಖಲೆಯಿಲ್ಲದಿದ್ದರೆ ಡಿಪ್ಲೊಮಾವೇ ಇಲ್ಲ.

ಬ್ರಿಟನ್ ಪದ್ಧತಿಯ ಪಿಯುಸಿ ಮಟ್ಟದ ಪರೀಕ್ಷೆಯಾದ ಎ ಲೆವೆಲ್ ಅನ್ನು ಖಾಸಗಿಯಾಗಿ ಬರೆಯಬಹುದು. ನಮ್ಮ ಮಟ್ಟಿಗೆ ಮನೆಶಾಲೆಯವರಿಗೆ ಇದೇ ಸಲೀಸು. ತೊಡಕು ವಿಜ್ಞಾನದಲ್ಲಿ. ಪರೀಕ್ಷಾ ಮಂಡಳಿಯಾದ ಕೇಂಬ್ರಿಡ್ಜ್‌ನ ಭೌತ, ರಸಾಯನ, ಜೀವವಿಜ್ಞಾನದ 3ನೇ ಪತ್ರಿಕೆ ಪ್ರಯೋಗಾಲಯದಲ್ಲೇ ನಡೆಯುತ್ತದೆ. ಹೊರಗಿನವರಿಗೆ ಪ್ರಯೋಗಾಲಯ ಕೊಡಲು ಬಹಳಷ್ಟು ಪರೀಕ್ಷಾ ಕೇಂದ್ರಗಳು ಒಪ್ಪುವುದಿಲ್ಲ. ಇನ್ನೊಂದು ಮಂಡಳಿಯಾದ ಎಡೆಕ್ಸೆಲ್‌ನ ಇಂಟರ್‌ನ್ಯಾಷನಲ್ ಎ ಲೆವೆಲ್‌ನಲ್ಲಿ ಪ್ರಾಯೋಗಿಕ ಕೌಶಲವನ್ನು ಲಿಖಿತ ಪತ್ರಿಕೆಯಲ್ಲೇ ಅಳೆಯುತ್ತಾರೆ.

ಪಾಠ ಆನ್‌ಲೈನ್ ಆದರೂ ಪರೀಕ್ಷೆಗೆ ಸಾಮಾನ್ಯವಾಗಿ ಕೇಂದ್ರಕ್ಕೇ ಹೋಗಬೇಕು. ಹಾಗಾಗಿ ಮೊದಲು ಕೇಂದ್ರದ ಒಪ್ಪಿಗೆ ಬರಹದಲ್ಲಿ ಪಡೆಯಿರಿ, ಆಮೇಲೆ ಕೋರ್ಸ್ ಆರಿಸಿ. ಗುರಿಯಿಟ್ಟ ಪದವಿಗೆ ಯಾವ ವಿಷಯ ಕಡ್ಡಾಯ ಎಂಬುದನ್ನೂ ಪ್ರವೇಶ ಕಚೇರಿಗೆ ಇಮೇಲ್ ಮಾಡಿ ಕೇಳಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ.