ಭಾನುವಾರದ ಮಾತುಕತೆ: ಡೆಟ್ರಾಯಿಟ್ ಗುಂಪಿಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಮಧ್ಯಾಹ್ನ 3ಕ್ಕೆ ಲೈಬ್ರರಿಯ ಮೀಟಿಂಗ್ ರೂಮಿನಲ್ಲಿ ಜನಾಂಗಭೇದದ ಬಗ್ಗೆ ಕೂತು ಮಾತಾಡೋಣ. ಹೈಸ್ಕೂಲು ಮಕ್ಕಳನ್ನೂ ಕರೆತನ್ನಿ, ಪ್ರಶ್ನೆ ಅವರದೇ ಜಾಸ್ತಿ.

ಈ ಸಲದ ವಿಷಯ ಮನೆ. 1930ರ ದಶಕದ ಸರ್ಕಾರಿ ನಕ್ಷೆಗಳಲ್ಲಿ ಕಪ್ಪು ಜನರ ಬಡಾವಣೆಗಳಿಗೆ, ಸಾಲ ಕೊಡುವುದು ಅಪಾಯ ಅಂತ, ಕೆಂಪು ಬಳಿದಿದ್ದರು. ಅಂಥ ಕಡೆ ಗೃಹಸಾಲ ಸಿಗುವುದೇ ಕಷ್ಟವಾಗಿತ್ತು. 1968ರ ಕಾನೂನು ಈ ಭೇದವನ್ನು ನಿಷೇಧಿಸಿತು, ಸರಿ. ಆದರೆ ಅಷ್ಟರಲ್ಲಿ ಮನೆ ಕೊಳ್ಳಲಾಗದವರು ಮಕ್ಕಳಿಗೆ ಏನು ಬಿಟ್ಟುಹೋದಾರು? ನಮ್ಮೂರಿನ ನಕ್ಷೆ ಪ್ರಿಂಟ್ ಮಾಡಿ ತರುತ್ತೇನೆ.

‘ನಮಗೇನು ಸಂಬಂಧ’ ಅನ್ನಬೇಡಿ. ನಮ್ಮವರಿಗೆ ಇಲ್ಲಿಗೆ ದಾರಿ ತೆರೆದ 1965ರ ವಲಸೆ ಕಾನೂನಿನ ಹಿಂದೆಯೂ ನಾಗರಿಕ ಹಕ್ಕುಗಳ ಹೋರಾಟದ ಬಲ ಇತ್ತು, ಅಲ್ವಾ?

ಅಲ್ಲಿ ಕೇಳಿದ್ದನ್ನು ಇಲ್ಲಿ ಫಾರ್ವರ್ಡ್ ಮಾಡಬೇಡಿ. ಬರುವವರು ಶುಕ್ರವಾರದೊಳಗೆ ಹೆಸರು ಹಾಕಿ, ಕುರ್ಚಿ ಎಣಿಸಬೇಕು.