ಬಾಯಲ್ಲೇ ಇದ್ದು ಹೋದ ವಿದ್ಯೆ

ಬ್ಯಾಂಗರ್, ವೇಲ್ಸ್
ಭಾನುವಾರ ಸಂಜೆ

ತೀರ್ಥರೂಪ ಅಪ್ಪಯ್ಯನವರಿಗೆ ನಿಮ್ಮ ಮಗಳ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಕ್ಷೇಮ. ಮಳೆ ಬಿಟ್ಟಿಲ್ಲ. ನಮ್ಮ ಆಷಾಢದ ಹಾಗೆ ಹೊಡೆಯುವ ಮಳೆ ಅಲ್ಲ, ದಿನವಿಡೀ ಜಿನುಗುತ್ತಲೇ ಇರುತ್ತದೆ. ಕೊನೆಕೊಯ್ಲು ಶುರುವಾಯಿತೆಂದು ತಮ್ಮ ಹೇಳಿದ. ಅಜ್ಜಿಯ ಮಂಡಿನೋವು ಹೇಗಿದೆ?

ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ, "ಏಸುವಿನ ಧರ್ಮ ಬರೋಕೆ ಮೊದಲು ಅಲ್ಲಿನವರಿಗೆ ಪುರೋಹಿತರು ಅಂತ ಯಾರಿದ್ದರು?" ಅಂತ. ಅಷ್ಟರಲ್ಲಿ ಫೋನು ಕಡಿದುಹೋಯಿತು. ಫೋನಿನಲ್ಲಿ ಮುಗಿಯುವ ಮಾತೂ ಅಲ್ಲ ಅದು, ಅದಕ್ಕೇ ಬರೆಯಲು ಕೂತೆ. ನಮ್ಮ ಅಡುಗೆಮನೆಯ ಕಿಟಕಿಯಿಂದ ಮೆನಾಯ್ ಎಂಬ ಜಲಸಂಧಿ ಕಾಣುತ್ತದೆ. ಅದರ ಆಚೆ ದಡವೇ ಆಂಗಲ್‌ಸೀ ದ್ವೀಪ. ಇಲ್ಲಿಯ ಜನ ಅದನ್ನು ಮೋನ್ ಎನ್ನುತ್ತಾರೆ. ನೀವು ಕೇಳಿದ ಪುರೋಹಿತರ ಕಥೆಯ ಒಂದು ದೊಡ್ಡ ಅಧ್ಯಾಯ ಮುಗಿದದ್ದು ಆ ದಡದಲ್ಲಿ.

ಅವರನ್ನು ಡ್ರೂಯಿಡ್ ಎಂದು ಕರೆಯುತ್ತಿದ್ದರು. ಇಂದಿನ ಫ್ರಾನ್ಸ್, ಬ್ರಿಟನ್, ಐರ್ಲೆಂಡಿನಲ್ಲಿದ್ದ ಕೆಲ್ಟ್ ಜನರ ಪುರೋಹಿತರು. ವೆಲ್ಷ್ ಭಾಷೆಯಲ್ಲಿ ಈಗಲೂ 'ದೆರ್ವಿದ್' ಎನ್ನುತ್ತಾರೆ, 'ದೆರು' ಎಂದರೆ ಓಕ್ ಮರ. ಭಾಷಾಶಾಸ್ತ್ರಜ್ಞರು ಆ ಪದವನ್ನು 'ದ್ರು' ಮತ್ತು 'ವಿದ್' ಎಂದು ಬಿಡಿಸುತ್ತಾರೆ. ಮೊದಲನೆಯದು ನಮ್ಮ ದಾರು, ದ್ರುಮಗಳ ನೆಂಟ, ಎರಡನೆಯದು ವೇದ, ವಿದ್ಯೆಗಳ ನೆಂಟ. ಮರವನ್ನು ಬಲ್ಲವನು, ಅಥವಾ ಮರದಷ್ಟು ಗಟ್ಟಿಯಾಗಿ ಬಲ್ಲವನು. ಇದನ್ನು ಓದಿದ ದಿನ ನಿಮ್ಮ ನೆನಪು ಬಹಳ ಬಂತು.

ಪುರೋಹಿತರು ಎಂದೆ, ಆದರೆ ಅವರ ಕೆಲಸ ಪೂಜೆಗೇ ಮುಗಿಯುತ್ತಿರಲಿಲ್ಲ. ರೋಮಿನ ಸೇನಾಪತಿ ಜೂಲಿಯಸ್ ಸೀಸರ್ ಕ್ರಿ.ಪೂ. 58ರಿಂದ ಫ್ರಾನ್ಸಿನ ಮೇಲೆ, ಆಗಿನ ಗಾಲ್ ಮೇಲೆ, ಯುದ್ಧ ಮಾಡಿದ. ಆ ಜನರಲ್ಲಿ ಲೆಕ್ಕಕ್ಕೆ ಬರುವವರು ಎರಡೇ ವರ್ಗ, ಒಂದು ಕುದುರೆ ಸವಾರರು, ಇನ್ನೊಂದು ಡ್ರೂಯಿಡರು ಎಂದು ಬರೆದಿದ್ದಾನೆ. ಬಲಿ, ಹೋಮ ನಡೆಸುವುದು ಇವರು. ಕೊಲೆ, ಆಸ್ತಿ, ಜಮೀನಿನ ಗಡಿ ಎಂದು ಜಗಳ ಬಂದರೆ ತೀರ್ಪು ಹೇಳುವವರೂ ಇವರೇ. ತೀರ್ಪಿಗೆ ಒಪ್ಪದವನನ್ನು ಬಲಿಪೂಜೆಗೆ ಸೇರಿಸುತ್ತಿರಲಿಲ್ಲ. ಆಮೇಲೆ ಅವನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ, ಅವನ ದೂರನ್ನೂ ಕೇಳುತ್ತಿರಲಿಲ್ಲ. ಬಹಿಷ್ಕಾರ ಎಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಗಾಲ್ ದೇಶದ ನಡುಭಾಗವೆಂದು ನಂಬಿದ್ದ ಒಂದು ಪವಿತ್ರ ಸ್ಥಳದಲ್ಲಿ ಸೇರುತ್ತಿದ್ದರು, ವ್ಯಾಜ್ಯವಿದ್ದವರು ಎಲ್ಲ ದಿಕ್ಕಿನಿಂದ ಅಲ್ಲಿಗೇ ಬರುತ್ತಿದ್ದರು. ಡ್ರೂಯಿಡರಿಗೆ ಯುದ್ಧವೂ ಇಲ್ಲ, ಕಂದಾಯವೂ ಇಲ್ಲ. ಹಾಗಾಗಿ ಎಷ್ಟೋ ಹುಡುಗರು ತಾವಾಗಿಯೇ ಕಲಿಯಲು ಬರುತ್ತಿದ್ದರು, ಕೆಲವರನ್ನು ಅಪ್ಪ ಅಮ್ಮ ಕಳಿಸುತ್ತಿದ್ದರು. ಅಂದರೆ ಅಪ್ಪ ಡ್ರೂಯಿಡ್ ಆದ್ದರಿಂದ ಮಗನೂ ಡ್ರೂಯಿಡ್ ಎಂಬ ಕಟ್ಟು ಸೀಸರನ ಮಾತಿನಲ್ಲಿ ಕಾಣುವುದಿಲ್ಲ.

ಕಲಿಕೆ ಕೆಲವರಿಗೆ 20 ವರ್ಷ ಹಿಡಿಯುತ್ತಿತ್ತಂತೆ. ಎಲ್ಲ ಪದ್ಯ, ಎಲ್ಲ ಬಾಯಿಪಾಠ. ನಕ್ಷತ್ರಗಳ ಚಲನೆ, ಭೂಮಿಯ ಅಳತೆ, ದೇವರುಗಳ ಶಕ್ತಿ, ಸತ್ತ ಮೇಲೆ ಆತ್ಮ ಇನ್ನೊಂದು ಶರೀರಕ್ಕೆ ಹೋಗುತ್ತದೆಂಬ ವಿಚಾರ. ಅವರಿಗೆ ಅಕ್ಷರ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಲೆಕ್ಕಪತ್ರಕ್ಕೆ ಗ್ರೀಕ್ ಲಿಪಿ ಬಳಸುತ್ತಿದ್ದರು. ವಿದ್ಯೆಯನ್ನು ಮಾತ್ರ ಬರೆಯಕೂಡದು. ಯಾಕೆಂದು ಸೀಸರ್ ಎರಡು ಕಾರಣ ಊಹಿಸುತ್ತಾನೆ. ಒಂದು, ಅದು ಕಂಡಕಂಡವರ ಕೈಗೆ ಸಿಗಬಾರದು. ಎರಡು, ಬರಹವನ್ನು ನಂಬಿದವರು ನೆನಪಿಟ್ಟುಕೊಳ್ಳುವ ಶ್ರಮ ಬಿಡುತ್ತಾರೆ. ಈ ಎರಡನೆಯದನ್ನು ಓದುವಾಗ ನನಗೆ ಕೇಳಿಸಿದ್ದು ಅಜ್ಜಿಯ ಸ್ವರ. "ಬರೆದಿಟ್ರೆ ಬಾಯಿ ಸೋಮಾರಿ ಆಗ್ತು" ಎಂದು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಿದ್ದಳಲ್ಲ, ನನಗೆ ಹತ್ತು ವರ್ಷವಿದ್ದಾಗ.

ನಿಮಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ, ಪಂಚಾಂಗದ್ದು. 1897ರಲ್ಲಿ ಫ್ರಾನ್ಸಿನ ಕೊಲಿನ್ಯಿ ಎಂಬಲ್ಲಿ ಹೊಲದ ಮಣ್ಣಿನಲ್ಲಿ ಕಂಚಿನ ಒಂದು ಫಲಕ ಚೂರುಚೂರಾಗಿ ಸಿಕ್ಕಿತು. ಜೋಡಿಸಿ ನೋಡಿದರೆ ಗಾಲ್ ಜನರ ಪಂಚಾಂಗ! ಈಗ ಲಿಯಾನ್ ನಗರದ ಮ್ಯೂಸಿಯಂನಲ್ಲಿದೆ. ತಿಂಗಳಿಗೆ 29 ಅಥವಾ 30 ದಿನ. ಪ್ರತಿ ತಿಂಗಳೂ ಎರಡು ಅರ್ಧ, ಮೊದಲರ್ಧಕ್ಕೆ 15 ದಿನ, ಉಳಿದದ್ದು ಎರಡನೆಯದಕ್ಕೆ. ಚಂದ್ರನ ಲೆಕ್ಕವನ್ನು ಸೂರ್ಯನ ವರ್ಷಕ್ಕೆ ಹೊಂದಿಸಲು ಐದು ವರ್ಷದಲ್ಲಿ ಎರಡು ಅಧಿಕ ಮಾಸ, ಒಟ್ಟು 62 ತಿಂಗಳು. ನಮ್ಮ ವೇದಾಂಗ ಜ್ಯೋತಿಷದ ಯುಗವೂ ಐದು ವರ್ಷದ್ದು, ಅದರಲ್ಲೂ 62 ಚಾಂದ್ರಮಾಸ! ಇವರಿಂದ ಅವರು ಕಲಿತರೆಂದು ನಾನು ಹೇಳುವುದಿಲ್ಲ. ಚಂದ್ರ ಎಲ್ಲರಿಗೂ ಒಬ್ಬನೇ, ಶ್ರದ್ಧೆಯಿಂದ ಎಣಿಸಿದವರಿಗೆ ಅದೇ ಲೆಕ್ಕ ಸಿಗಬೇಕಲ್ಲ. ಆದರೂ ಆ ಸಂಖ್ಯೆ ನೋಡಿ ಮೈ ಜುಮ್ಮೆಂದಿತು.

ಈ ಜನ ಕಾಲವನ್ನು ಹಗಲಿನಿಂದಲ್ಲ, ರಾತ್ರಿಯಿಂದ ಎಣಿಸುತ್ತಿದ್ದರೆಂದೂ ಸೀಸರ್ ಬರೆದಿದ್ದಾನೆ. ಅದು ಈಗಲೂ ಇಲ್ಲಿಯ ಭಾಷೆಯಲ್ಲಿ ಉಳಿದಿದೆ. ನನ್ನ ಜೊತೆ ಕೆಲಸ ಮಾಡುವ ವೆಲ್ಷ್ ಹೆಂಗಸು ವಾರಕ್ಕೆ 'ಉಯ್ಥ್‌ನೋಸ್' ಎನ್ನುತ್ತಾಳೆ, ಎಂಟು ರಾತ್ರಿ ಎಂದರ್ಥ. ಎರಡು ವಾರಕ್ಕೆ 'ಪಿಥೆವ್ನೋಸ್', ಹದಿನೈದು ರಾತ್ರಿ. "ಎಂಟು ದಿನ ಬಿಟ್ಟು ಬಾ", "ಹದಿನೈದು ದಿನ ಆತು" ಎಂದು ನಾವೂ ಅನ್ನುವುದಿಲ್ಲವೇ? ಅವಳಿಗೆ ಅದನ್ನು ಹೇಳಿದಾಗ ಬಹಳ ಖುಷಿಪಟ್ಟಳು.

ಬಿಳಿ ಬಟ್ಟೆಯ ಡ್ರೂಯಿಡ್ ಚಿನ್ನದ ಕುಡುಗೋಲಿನಿಂದ ಓಕ್ ಮರದ ಬಂದಳಿಕೆ ಕೊಯ್ಯುವ ಚಿತ್ರವನ್ನು ನೀವೂ ಎಲ್ಲಾದರೂ ನೋಡಿರಬಹುದು. ಅದು ಪ್ಲಿನಿ ಎಂಬ ರೋಮನ್ ಪಂಡಿತನ ವರ್ಣನೆಯಿಂದ ಬಂದದ್ದು: ಚಂದ್ರನ ಆರನೆಯ ದಿನ, ಎರಡು ಬಿಳಿ ಹೋರಿಗಳ ಬಲಿ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬಲ್ಲಿಯ ದೊಡ್ಡ ಕಲ್ಲುಗಳನ್ನು ಇವರು ನಿಲ್ಲಿಸಿದರೆಂಬುದು ಮಾತ್ರ ಸುಳ್ಳು, ಡ್ರೂಯಿಡರ ಹೆಸರು ಕೇಳಿಬರುವುದಕ್ಕಿಂತ ಎರಡು ಸಾವಿರ ವರ್ಷ ಹಿಂದೆಯೇ ಅವು ನಿಂತಿದ್ದವು.

ನರಬಲಿ ಕೊಡುತ್ತಿದ್ದರೇ ಎಂದು ಅಮ್ಮ ಕೇಳಿಯೇ ಕೇಳುತ್ತಾಳೆ. ರೋಮನ್ನರು ಹೌದೆಂದು ಬರೆದಿದ್ದಾರೆ. ಬರೆದವರು ಆ ದೇಶವನ್ನು ಗೆಲ್ಲಲು ಹೊರಟಿದ್ದ ಕಡೆಯವರು ಎಂಬುದನ್ನು ಮರೆಯಬಾರದು. ಕ್ರಿ.ಪೂ. 216ರಲ್ಲಿ ಒಂದು ದೊಡ್ಡ ಸೋಲಿನ ನಂತರ ರೋಮನ್ನರೇ ತಮ್ಮ ಪೇಟೆಯ ನಡುವೆ ಇಬ್ಬರು ಗಾಲ್ ಮತ್ತು ಇಬ್ಬರು ಗ್ರೀಕ್ ಜನರನ್ನು ಜೀವಂತ ಹೂಳಿದ್ದರು. ಹಾಗೆಂದು ಡ್ರೂಯಿಡರನ್ನು ಪೂರ್ತಿ ತೊಳೆದು ತೋರಿಸಲೂ ನನಗೆ ಮನಸ್ಸಿಲ್ಲ. ಆಚೆ ದಡಕ್ಕೆ ಹೋದ ಶನಿವಾರ ಬಸ್ಸಿನಲ್ಲಿ ಹೋಗಿದ್ದೆ. ಅಲ್ಲೊಂದು ಸಣ್ಣ ಕೆರೆ, ಹ್ಲಿನ್ ಕೆರಿಗ್ ಬಾಖ್, ಸಣ್ಣ ಕಲ್ಲುಗಳ ಕೆರೆ. ಜೊಂಡು, ಬಂಡೆ, ಗಾಳಿ, ಪಕ್ಕದಲ್ಲೇ ವಾಯುಪಡೆಯ ವಿಮಾನ ನಿಲ್ದಾಣ. ಆ ನಿಲ್ದಾಣ ಕಟ್ಟಲು 1942ರಲ್ಲಿ ಕೆರೆಯಂಚಿನ ಕೆಸರು ತೆಗೆಯುವಾಗ ಒಂದು ಕಬ್ಬಿಣದ ಸರಪಳಿ ಬಂತು. ಗಟ್ಟಿಯಾಗಿದೆಯೆಂದು ಟ್ರಾಕ್ಟರಿಗೆ ಕಟ್ಟಿ ಹೂತುಕೊಂಡ ಲಾರಿಗಳನ್ನು ಎಳೆದರು, ಅದು ತುಂಡಾಗಲಿಲ್ಲ. ಆಮೇಲೆ ತಿಳಿದದ್ದು, ಅದು ಸುಮಾರು ಎರಡು ಸಾವಿರ ವರ್ಷ ಹಳೆಯದು, ಐದು ಜನರ ಕುತ್ತಿಗೆಗೆ ಹಾಕಿ ಸಾಲಾಗಿ ನಡೆಸುವ ಸರಪಳಿ. ಅದರ ಜೊತೆ ಕತ್ತಿ, ಭರ್ಜಿ, ರಥದ ಭಾಗಗಳು, ಹೀಗೆ 150ಕ್ಕೂ ಹೆಚ್ಚು ವಸ್ತುಗಳು. ತಲೆಮಾರುಗಟ್ಟಲೆ ಜನ ನೀರಿನ ದೇವರಿಗೆ ಹಾಕಿದ ಕಾಣಿಕೆ ಎನ್ನುತ್ತಾರೆ. ಆ ಕುತ್ತಿಗೆಗಳನ್ನು ನೆನೆದು ನಾನು ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಕ್ರಿ.ಶ. 60ರ ಸುಮಾರಿಗೆ ಬ್ರಿಟನ್ನಿನಲ್ಲಿದ್ದ ರೋಮಿನ ರಾಜ್ಯಪಾಲ ಪೌಲಿನಸ್ ಈ ಜಲಸಂಧಿ ದಾಟಿದ. ಕಾಲಾಳುಗಳು ಚಪ್ಪಟೆ ತಳದ ದೋಣಿಗಳಲ್ಲಿ, ಸವಾರರು ಕುದುರೆಗಳ ಜೊತೆ ಈಜುತ್ತ. ಎದುರು ದಡದಲ್ಲಿ ಶಸ್ತ್ರ ಹಿಡಿದ ಸಾಲು, ನಡುವೆ ಕಪ್ಪು ಬಟ್ಟೆಯ, ಕೂದಲು ಕೆದರಿದ ಹೆಂಗಸರು ದೊಂದಿ ಹಿಡಿದು ಓಡಾಡುತ್ತಿದ್ದರು. ಸುತ್ತ ಡ್ರೂಯಿಡರು ಆಕಾಶಕ್ಕೆ ಕೈಯೆತ್ತಿ ಶಾಪ ಹಾಕುತ್ತಿದ್ದರು. ಸೈನಿಕರು ಕೈಕಾಲು ಕಟ್ಟಿದಂತೆ ನಿಂತುಬಿಟ್ಟರಂತೆ. ಆಮೇಲೆ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡು ನುಗ್ಗಿದರು, ಸಿಕ್ಕವರನ್ನು ಅವರ ಬೆಂಕಿಯಲ್ಲೇ ಸುಟ್ಟರು, ದೇವರ ಕಾಡುಗಳನ್ನು ಕಡಿದರು. ಇದನ್ನು ಬರೆದವನು ರೋಮಿನ ಇತಿಹಾಸಕಾರ ಟ್ಯಾಸಿಟಸ್. ಅವನ ಮಾವ ಆಗ ಪೌಲಿನಸನ ಕೈಕೆಳಗೆ ಇದ್ದ.

ರೋಮ್ ಕಾಲಿಡದ ಐರ್ಲೆಂಡಿನಲ್ಲಿ ಡ್ರೂಯಿಡರು ಇನ್ನೂ ಕೆಲವು ಶತಮಾನ ಉಳಿದರು, ಹೊಸ ಧರ್ಮ ಬಂದ ಮೇಲೆ ಮಾನ ಇಳಿಯಿತು, ಕೊನೆಗೆ ಕಾನೂನಿನಲ್ಲಿ ಅವರ ಸ್ಥಾನ ಒಬ್ಬ ಅನುಕೂಲಸ್ಥ ರೈತನಷ್ಟಕ್ಕೆ ನಿಂತಿತು. ಆ ನಾಡಿನ ಕವಿಗಳ ಕಥೆಗಳನ್ನು ಕ್ರೈಸ್ತ ಸನ್ಯಾಸಿಗಳು ಬರೆದಿಟ್ಟರು, ಅದರಿಂದ ಅವು ಉಳಿದವು. ಡ್ರೂಯಿಡರ ಇಪ್ಪತ್ತು ವರ್ಷದ ಪಾಠದಲ್ಲಿ ಮಾತ್ರ ಒಂದೇ ಒಂದು ಸಾಲೂ ಉಳಿದಿಲ್ಲ ಅಪ್ಪಯ್ಯ. ಆ ಕಾಲದ ಡ್ರೂಯಿಡರಲ್ಲಿ ಹೆಸರು ಹಿಡಿದು ಹೇಳಬಹುದಾದವನು ದಿವಿಶಿಯಾಕಸ್ ಒಬ್ಬನೇ. ತನ್ನ ಜನಕ್ಕೆ ಸಹಾಯ ಕೇಳಲು ರೋಮಿಗೆ ಹೋಗಿದ್ದವನು, ಅಲ್ಲಿಯ ವಾಗ್ಮಿ ಸಿಸೆರೋನ ಪರಿಚಯದವನು. ಅವನ ಮಾತೂ ಸಿಸೆರೋ ಬರೆದದ್ದರಿಂದ ತಿಳಿದದ್ದು. ಅವರ ಬಗ್ಗೆ ನಾನು ಇಷ್ಟೊತ್ತು ಬರೆದದ್ದರಲ್ಲಿ ಹೆಚ್ಚಿನದು ಅವರನ್ನು ಸೋಲಿಸಿದ ಕಡೆಯವರ ಬರಹದಿಂದ. ನನಗೆ ತಡೆಯಲಾಗದ ದುಃಖ ಇದೇ. ನಮ್ಮಲ್ಲಿ ವೇದ ಬಾಯಿಪಾಠವಾಗಿಯೇ ದಾಟಿ ಬಂತು, ಗುರುವಿನ ಹಿಂದೆ ಶಿಷ್ಯ ತಪ್ಪದೆ ಇದ್ದ. ಅಲ್ಲಿ ಹೇಳುವವರನ್ನೂ ಕೇಳುವವರನ್ನೂ ಸೇರಿಸಿ ತೆಗೆದರು.

ಅಜ್ಜಿಯ ಹಿಂದೆ ಯಾರಿದ್ದಾರೆ? ಹಸೆ ಹಾಡು, ಉರುಟಣೆ ಹಾಡು, ಬೀಸುವ ಪದ ಎಲ್ಲ ಅವಳ ಬಾಯಲ್ಲೇ ಇವೆ. ಅಮ್ಮನಿಗೆ ಅರ್ಧ ಬರುತ್ತದೆ. ನನಗೆ ನಾಲ್ಕು ಬರುತ್ತವೆ, ಅವೂ ನಡುನಡುವೆ ತಪ್ಪುತ್ತವೆ. ಈ ಕಾಗದವನ್ನು ಅವಳಿಗೆ ಓದಿ ಹೇಳಿ. ಬರೆಯುವುದು ಬೇಡವೆಂದರೆ ಬೇಡ, ಅವಳ ಮಾತು ಮೀರುವುದಿಲ್ಲ. ತಮ್ಮ ಫೋನು ಹಿಡಿದು ಪಕ್ಕದಲ್ಲಿ ಕೂತಿರಲಿ, ಅವಳು ಹಾಡುತ್ತಿರಲಿ, ಬಾಯಿಗೆ ಕೆಲಸ ಇದ್ದೇ ಇರುತ್ತದಲ್ಲ. ಮಧ್ಯಾಹ್ನದ ಕವಳ ಹಾಕಿದ ಮೇಲೆ ಅವಳ ಸ್ವರ ಚೆನ್ನಾಗಿರುತ್ತದೆ. ಮೊದಲು ಭತ್ತ ಕುಟ್ಟುವ ಹಾಡು ಆಗಲಿ, ಅದು ನನಗೆ ಎರಡನೆಯ ಸೊಲ್ಲಿನಿಂದ ಮರೆತುಹೋಗಿದೆ.

ಅಮ್ಮನಿಗೆ, ಅಜ್ಜಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು